ಎಲ್ಲರಿಗೂ ಗೊತ್ತಿರುವ ಔಷಧಿ

ತುಮಕೂರಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊದ ನಿಜವಾದ ಬೆಲೆ ಇಷ್ಟೇ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಂಡಿಯವರು ಒಂದು ಹೇಳುತ್ತಾರೆ, ಮಾಲು ತಂದ ರೈತ ಇನ್ನೊಂದು ಹೇಳುತ್ತಾನೆ, ತಳ್ಳುಗಾಡಿಯವನು ಇವೆರಡಕ್ಕೂ ಸಂಬಂಧವಿಲ್ಲದ ಮತ್ತೊಂದನ್ನು ಹೇಳುತ್ತಾನೆ. ಆದರೆ ನಿಮ್ಮ ಬೆರಳ ಮೇಲೊಂದು ನರಹುಲಿ ಎದ್ದಿದ್ದರೆ, ಅದಕ್ಕೇನು ಮಾಡಬೇಕೆಂಬ ವಿಷಯದಲ್ಲಿ ಈ ಮೂವರೂ ಕೇಳದೆಯೇ ಸತ್ಯ ನುಡಿಯುತ್ತಾರೆ. ಕಾಸೂ ಕೇಳುವುದಿಲ್ಲ. ಮೂವರ ಸತ್ಯವೂ ಬೇರೆ ಬೇರೆ ಎನ್ನುವುದೊಂದೇ ತೊಡಕು.

ನನ್ನದು ಬಲಗೈ ತೋರುಬೆರಳಿನ ಗೆಣ್ಣಿನ ಪಕ್ಕದಲ್ಲಿ ಎದ್ದಿತ್ತು. ಮೊದಲು ಸಾಸಿವೆಯಷ್ಟಿತ್ತು, ಬರಬರುತ್ತಾ ಕಡಲೆಬೇಳೆಯಷ್ಟಾಯಿತು. ಬೆನ್ನ ಮೇಲೋ ತೊಡೆಯ ಮೇಲೋ ಆಗಿದ್ದರೆ ಅದು ನನ್ನ ಸ್ವಂತ ವಿಷಯವಾಗಿ ಉಳಿಯುತ್ತಿತ್ತು. ತೋರುಬೆರಳಿನ ಮೇಲೆ ಆದದ್ದು ಮಾತ್ರ ಸಾರ್ವಜನಿಕ ಆಸ್ತಿ. ನಾನು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಶಿರಾ ರಸ್ತೆಯಿಂದ ಒಳಕ್ಕೆ ಬರುವ ಲಾರಿಗಳ ಡ್ರೈವರುಗಳಿಗೆ ಚಲನ್ನಿನ ಮೇಲೆ ಸಹಿ ಎಲ್ಲಿ ಹಾಕಬೇಕೆಂದು ತೋರಿಸುವುದು ಆ ಬೆರಳಿನಿಂದಲೇ. ಅವರು ಸಹಿಯ ಜಾಗ ಬಿಟ್ಟು ಬೆರಳನ್ನು ನೋಡುತ್ತಾರೆ. “ಏನ್ ಸಾರ್, ನರೂಲಿಯಾ?” ಅಂತ ಒಬ್ಬ ಶುರುಮಾಡಿದರೆ ಲಾರಿ ಕಾಲು ಗಂಟೆ ತಡವಾಗಿ ಹೊರಡುತ್ತದೆ. ಚಿತ್ರದುರ್ಗದ ಡ್ರೈವರಿಗೆ ಒಂದು ಮದ್ದು ಗೊತ್ತು, ಹಿರಿಯೂರಿನವನಿಗೆ ಇನ್ನೊಂದು. ಹೈವೇ ಉದ್ದಕ್ಕೂ ಊರಿಗೊಂದು ವೈದ್ಯ ಪದ್ಧತಿ ಇದೆಯೆಂದು ಆ ದಿನಗಳಲ್ಲಿ ನನಗೆ ತಿಳಿಯಿತು.

ಮಾರುಕಟ್ಟೆಯಲ್ಲಂತೂ ಅವರವರ ಮಾಲಿನಲ್ಲೇ ಅವರವರ ಮದ್ದು. ಬೆಳ್ಳುಳ್ಳಿಯವನು ಎಸಳು ಜಜ್ಜಿ ಕಟ್ಟು ಎಂದ. ನಿಂಬೆಹಣ್ಣಿನವನು ಹೋಳು ಮಾಡಿ ಉಜ್ಜು ಎಂದ. ಆಲೂಗಡ್ಡೆಯವನು, ಉಜ್ಜಿದ ಹೋಳನ್ನು ಯಾರೂ ತುಳಿಯದ ಕಡೆ ಹೂಳಬೇಕೆಂದೂ ಅದು ಕೊಳೆತಂತೆ ಇದೂ ಹೋಗುತ್ತದೆಂದೂ ವಿವರಿಸಿದ. ಬದನೆಕಾಯಿಯವನು ಮಾತ್ರ, ನಂಜಿನ ಕಾಯಿಲೆ ಇರುವಾಗ ಬದನೆಕಾಯಿ ಮುಟ್ಟಬೇಡಿ ಎಂದು ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡ. ಅಂಥ ಪ್ರಾಮಾಣಿಕನನ್ನು ಬಿಟ್ಟುಹೋಗಲು ಮನಸ್ಸಾಗದೆ ಒಂದು ಕೆಜಿ ಕೊಂಡೆ.

ನನಗೆ ತುಂಬ ಹಿಡಿಸಿದ್ದು ವೀಳ್ಯದೆಲೆ ಮಾರುವ ಅಕ್ಕನ ಸಲಹೆ. ಎಲೆ ಎಣಿಸುತ್ತಿದ್ದವಳು ಎಣಿಕೆ ನಿಲ್ಲಿಸಿ, “ಅಣ್ಣ, ಕೈ ಇತ್ಲಾಗ್ ತೋರ್ಸಿ. ಅಯ್ಯೋ, ನರೂಲಿ ಕಣಣ್ಣ. ಇದ್ಕೆ ಡಾಕ್ಟ್ರು ಯಾಕೆ? ಸುಣ್ಣಕ್ಕೆ ಒಂದು ಚಿಟಿಕೆ ಬಟ್ಟೆ ಸೋಡ ಕಲ್ಸಿ ಕಡ್ಡಿ ತುದೀಲಿ ಮುಟ್ಟಿಸ್ರಿ. ಮೂರೇ ದಿವ್ಸ. ಕರ್ರಗಾಗಿ ಉದ್ರೋಯ್ತದೆ” ಎಂದಳು. ಸುಣ್ಣವನ್ನೂ ಒಂದು ಎಲೆಯಲ್ಲಿ ಕಟ್ಟಿಕೊಟ್ಟಳು. ಸುಣ್ಣ ಪುಕ್ಕಟೆ; ಎಲೆಗೆ ಮಾತ್ರ ಲೆಕ್ಕ ಹಿಡಿದಳು.

ಇದು ಹುಸಿ ಮದ್ದಲ್ಲ. ಸುಣ್ಣದ ನೀರಿಗೆ ವಾಷಿಂಗ್ ಸೋಡಾ ಬೆರೆಸಿದರೆ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ವಿದ್ಯುತ್ತಿನಿಂದ ಅದನ್ನು ತಯಾರಿಸುವ ವಿಧಾನ ಬರುವ ಮೊದಲು ಕಾರ್ಖಾನೆಗಳಲ್ಲೂ ಹೀಗೆಯೇ ಮಾಡುತ್ತಿದ್ದರು. ನಮ್ಮ ಕಡೆಯ ಅಜ್ಜಿಯರು ರಸಾಯನಶಾಸ್ತ್ರದ ಹೆಸರೂ ಕೇಳದೆ ಅಂಗೈಯಗಲದ ಎಲೆಯ ಮೇಲೆ ಆ ಕಾರ್ಖಾನೆ ನಡೆಸುತ್ತಿದ್ದರು. ಇದಕ್ಕೆ ಇನ್ನೂ ಹಳೆಯ ವಂಶಾವಳಿ ಇದೆ. ಸುಶ್ರುತ ಸಂಹಿತೆ ಚರ್ಮಕೀಲ, ಮಷಕ ಎಂದು ಇಂಥವನ್ನು ಬೇರೆ ಬೇರೆ ಹೆಸರಿಟ್ಟು ಕರೆದು, ಶಸ್ತ್ರದಿಂದ ಕತ್ತರಿಸಿ ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಬೇಕೆಂದು ಹೇಳುತ್ತದೆ. ಎಲೆ ಅಕ್ಕನದು ಕ್ಷಾರಕರ್ಮ. ಊದುಬತ್ತಿ ಹಚ್ಚಿ ಚುಚ್ಚು ಎಂದ ನಮ್ಮ ಕಾರ್ಖಾನೆಯ ವಾಚ್‌ಮನ್ನನದು ಅಗ್ನಿಕರ್ಮ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರಿನ ಎಣ್ಣೆ ಹಚ್ಚು ಎಂದವನದೂ ಸುಡುವ ಮತವೇ. ತೊಂದರೆ ಏನೆಂದರೆ, ಸುಣ್ಣಸೋಡಾಕ್ಕೆ ನರಹುಲಿ ಎಲ್ಲಿ ಮುಗಿಯಿತು, ಒಳ್ಳೆಯ ಚರ್ಮ ಎಲ್ಲಿ ಶುರುವಾಯಿತು ಎಂಬ ಗಡಿ ಗೊತ್ತಿಲ್ಲ. ಅದು ಎರಡನ್ನೂ ಸಮನಾಗಿ ಸುಡುತ್ತದೆ. ನಮ್ಮ ಹಿರಿಯರ ಎಷ್ಟೋ ಜನರ ಕೈ ಮೇಲೆ ನಾಲ್ಕಾಣೆಯಗಲದ ಬಿಳಿ ಕಲೆಗಳಿವೆ. ನರಹುಲಿ ಇದ್ದಿದ್ದರೂ ಅಷ್ಟು ಜಾಗ ಹಿಡಿಯುತ್ತಿರಲಿಲ್ಲ. ಎಲೆಯನ್ನು ಊಟವಾದ ಮೇಲೆ ಹಾಕಿಕೊಂಡೆ. ಸುಣ್ಣವೂ ಅದಕ್ಕೇ ಖರ್ಚಾಯಿತು.

ಕುಣಿಗಲ್ಲಿನಲ್ಲಿರುವ ನನ್ನ ಭಾವಮೈದುನ ಹಬ್ಬಕ್ಕೆ ಬಂದವನು ಬೆರಳು ನೋಡಿ, “ಭಾವ, ಇದ್ರ ಯೋಚ್ನೆ ನಂಗ್ಬಿಡಿ. ಕುದ್ರೆ ಬಾಲದ ಕೂದ್ಲು ತಂದ್ಕೊಡ್ತೀನಿ. ಬಿಗಿಯಾಗಿ ಒಂದು ಗಂಟು ಹಾಕಿದ್ರೆ ಆಯ್ತು” ಎಂದ. ಕುಣಿಗಲ್ಲಿನವರಿಗೆ ಈ ಮಾತು ಆಡುವ ಹಕ್ಕಿದೆ. ಅಲ್ಲಿಯ ಕುದುರೆ ಫಾರಂ ಹೈದರ್ ಅಲಿ, ಟಿಪ್ಪು ಕಾಲದ ಅಶ್ವದಳಕ್ಕೆ ಕುದುರೆ ಸಾಕಿದ ಜಾಗ. ಆಮೇಲೆ ರೇಸ್ ಕುದುರೆಗಳ ತವರಾಯಿತು. 1992ರಿಂದ ಖಾಸಗಿಯವರು ಗುತ್ತಿಗೆಗೆ ಹಿಡಿದು ನಡೆಸಿದರು. ಈಚೆಗೆ ಅಲ್ಲಿ ಟೌನ್‌ಶಿಪ್ ಕಟ್ಟುವ ಸರ್ಕಾರದ ಯೋಚನೆ ಕೇಳಿ ಊರಿನವರು ಬೇಡವೆಂದು ದನಿ ಎತ್ತಿದ್ದೂ ಪೇಪರಿನಲ್ಲಿ ಬಂತು. ಪರಂಪರೆ, ಪರಿಸರ ಎಂದು ಅವರು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಜಿಲ್ಲೆಯ ನರಹುಲಿಗಳ ಪ್ರಸ್ತಾಪ ಬಂದ ಹಾಗೆ ಕಾಣಲಿಲ್ಲ. ಡರ್ಬಿ ಗೆಲ್ಲುವ ಕುದುರೆಯ ಬಾಲ ನಮ್ಮಂಥವರ ಬೆರಳಿಗೂ ಒದಗುತ್ತದೆ ಎನ್ನುವುದು ಸಣ್ಣ ಸೇವೆಯಲ್ಲ.

ಕುದುರೆ ಕೂದಲಿನ ತತ್ವ ಸರಳ. ಬುಡಕ್ಕೆ ಬಿಗಿದರೆ ರಕ್ತ ಹೋಗುವುದು ನಿಂತು ಮೇಲಿನದು ಒಣಗಿ ಉದುರುತ್ತದೆ. ಕುತ್ತಿಗೆಯ ಸುತ್ತ, ಕಂಕುಳಲ್ಲಿ ತೊಟ್ಟಿನಿಂದ ಜೋತಾಡುವ ಪುಟ್ಟ ಮಾಂಸದ ಕಣಗಳಿರುತ್ತವಲ್ಲ, ಅವುಗಳಿಗೆ ಇದು ಹಿಡಿಯುತ್ತದೆ. ಅವು ನರಹುಲಿಗಳೇ ಅಲ್ಲ, ಬೇರೆ ಜಾತಿ. ಜನ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ನನ್ನದು ಮಣೆಯ ಹಾಗೆ ಅಗಲವಾಗಿ ಕೂತಿತ್ತು. ಗಂಟು ಹಾಕಲು ಅದಕ್ಕೆ ಕುತ್ತಿಗೆಯೇ ಇರಲಿಲ್ಲ. ಇದನ್ನು ಭಾವಮೈದುನನಿಗೆ ಹೇಳಿದೆ. “ನೀವು ಕಟ್ಟಿ ನೋಡಿ ಆಮೇಲೆ ಮಾತಾಡಿ” ಎಂದ. ಕೂದಲು ಬರಲಿಲ್ಲ. ಪ್ರತಿ ಫೋನಿನಲ್ಲೂ ಮುಂದಿನ ವಾರ ಬರುತ್ತಿತ್ತು.

ಅಮ್ಮನ ದಾರಿ ಬೇರೆ. ಗುಬ್ಬಿ ಕಡೆಯವಳು. ಅವಳ ಪ್ರಕಾರ ಇದು ನಾನು ಚಿಕ್ಕವನಾಗಿದ್ದಾಗ ಬೇಸಗೆಯಲ್ಲಿ ಅಂಗಳದಲ್ಲಿ ಮಲಗಿ ನಕ್ಷತ್ರ ಎಣಿಸಿದ್ದರ ಫಲ. “ಎಣಿಸ್ಬ್ಯಾಡ, ನರೂಲಿ ಆಯ್ತವೆ ಅಂತ ಆವತ್ತೇ ಬಡ್ಕೊಂಡೆ” ಎಂದಳು. ಅಷ್ಟು ವರ್ಷದ ಮೇಲೆ ಬಂತಲ್ಲ ಎಂದರೆ, ನಕ್ಷತ್ರ ದೂರ ಇರೋದ್ರಿಂದ ತಡ ಆಯ್ತೇನೋ ಎಂದಳು. ಖಗೋಳಶಾಸ್ತ್ರದ ಪ್ರಕಾರ ಇದಕ್ಕೆ ಎದುರು ಹೇಳಲು ನನಗೆ ಏನೂ ತೋಚಲಿಲ್ಲ. ಅವಳು ಆಗಲೇ ಊರಿನ ಅಶ್ವತ್ಥಕಟ್ಟೆಯ ಸುಬ್ಬಪ್ಪನಿಗೆ ಉಪ್ಪು ಮೆಣಸಿನ ಹರಕೆ ಹೊತ್ತುಕೊಂಡಿದ್ದಳು. ಉಪ್ಪು ಕರಗಿದ ಹಾಗೆ ಕರಗಲಿ, ಮೆಣಸು ಉದುರಿದ ಹಾಗೆ ಉದುರಲಿ ಎಂಬುದು ಲೆಕ್ಕ. ತಮಿಳುನಾಡಿನ ವೈತೀಶ್ವರನ್ ಕೋಯಿಲಿನ ಕೊಳಕ್ಕೆ ಭಕ್ತರು ಬೆಲ್ಲ ಹಾಕುವುದೂ ಇದೇ ಆಸೆಯಿಂದ. ಹರಕೆಯ ಅನುಕೂಲ ಎಂದರೆ ಅದರಿಂದ ಬೊಬ್ಬೆ ಏಳುವುದಿಲ್ಲ, ಕಲೆಯೂ ಉಳಿಯುವುದಿಲ್ಲ. ಹಚ್ಚುವ ಮದ್ದುಗಳಿಗಿಂತ ಕೇಳಿಕೊಳ್ಳುವ ಮದ್ದುಗಳ ಬಗ್ಗೆ ನನಗೆ ಆಗಿನಿಂದಲೇ ಗೌರವ.

ಇಂಥದ್ದನ್ನು ಓದುಬರಹ ಬಾರದವರ ಮೌಢ್ಯ ಎನ್ನುವವರು ಫ್ರಾನ್ಸಿಸ್ ಬೇಕನ್ನನ ಕಥೆ ಕೇಳಬೇಕು. ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ ಎಂದು ಯುರೋಪಿಗೆ ಪಾಠ ಹೇಳಿದ ಮಹಾಶಯ ಅವನು. ಅವನು ತೀರಿಕೊಂಡ ಮರುವರ್ಷ, 1627ರಲ್ಲಿ, ಹೊರಬಂದ ‘ಸಿಲ್ವಾ ಸಿಲ್ವಾರಂ’ ಎಂಬ ಪುಸ್ತಕದಲ್ಲಿ ತನ್ನ ನರಹುಲಿಗಳ ಕಥೆ ಬರೆದುಕೊಂಡಿದ್ದಾನೆ. ಚಿಕ್ಕಂದಿನಿಂದ ಬೆರಳ ಮೇಲೊಂದು ಇತ್ತಂತೆ. ಹದಿನಾರರ ಸುಮಾರಿಗೆ ಪ್ಯಾರಿಸ್ಸಿನಲ್ಲಿದ್ದಾಗ ಎರಡೂ ಕೈಗಳ ತುಂಬ ನೂರಕ್ಕೆ ಕಡಿಮೆಯಿಲ್ಲದಂತೆ ಎದ್ದವಂತೆ. ಇಂಗ್ಲಿಷ್ ರಾಯಭಾರಿಯ ಹೆಂಡತಿ ಚರ್ಮ ಸಮೇತದ ಹಂದಿ ಕೊಬ್ಬಿನ ತುಂಡಿನಿಂದ ಎಲ್ಲವನ್ನೂ ಉಜ್ಜಿ, ಆ ತುಂಡನ್ನು ಕೋಣೆಯ ಕಿಟಕಿಯ ಕಂಬಕ್ಕೆ ದಕ್ಷಿಣದ ಬಿಸಿಲು ಬೀಳುವಂತೆ ಮೊಳೆ ಹೊಡೆದು ಇಟ್ಟಳು. ಐದು ವಾರದಲ್ಲಿ ನೂರೂ ಹೋದವು, ಚಿಕ್ಕಂದಿನದೂ ಹೋಯಿತು. ನಮ್ಮ ಆಲೂಗಡ್ಡೆಯವನ ಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಬೇಕನ್ ಜಾಣ. ಬೇಗ ಬಂದವು ಬೇಗ ಹೋಗಿರಬಹುದು, ಅದರಲ್ಲಿ ಆಶ್ಚರ್ಯವೇನಿಲ್ಲ ಎಂದೂ ಬರೆದ. ಆದರೆ ಅಷ್ಟು ವರ್ಷ ಇದ್ದ ಆ ಹಳೆಯದೊಂದು ಹೋದದ್ದು ಕೊನೆಗೂ ಅವನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಅವನು ಬಾಗಿಲವರೆಗೆ ಬಂದು ನಿಂತ ಮಾತನ್ನು ಪೂರ್ತಿ ಮಾಡಿದವರು ಬಹಳ ಕಾಲದ ಮೇಲೆ ಬಂದರು. 1963ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಒಂದು ವಸತಿ ಸಂಸ್ಥೆಯ ಮಕ್ಕಳ ನರಹುಲಿಗಳನ್ನು ಎರಡು ವರ್ಷ ಸುಮ್ಮನೆ ಗಮನಿಸಿ ವರದಿ ಬರೆದರು. ಮೂರರಲ್ಲಿ ಎರಡು ಪಾಲು ತಾವಾಗಿಯೇ ಹೋಗಿದ್ದವು. ಯಾರೂ ಸುಣ್ಣ ಇಡಲಿಲ್ಲ, ಹರಕೆ ಹೊರಲಿಲ್ಲ, ಕುದುರೆಯ ಹಿಂದೆ ಓಡಲಿಲ್ಲ. ದೊಡ್ಡವರಲ್ಲಿ ಇಷ್ಟು ಬೇಗ ಹೋಗುವುದಿಲ್ಲ, ಆದರೆ ಅವರಲ್ಲೂ ಹೋಗುತ್ತವೆ.

ಈ ಒಂದು ಸಂಗತಿ ತಿಳಿದ ಮೇಲೆ ಮಾರುಕಟ್ಟೆಯ ಎಲ್ಲ ಸತ್ಯಗಳೂ ಒಟ್ಟಿಗೆ ಅರ್ಥವಾದವು. ನರಹುಲಿ ಎದ್ದ ದಿನವೇ ಯಾರೂ ಮದ್ದು ಹುಡುಕಿ ಹೊರಡುವುದಿಲ್ಲ. ನಾಲ್ಕಾರು ತಿಂಗಳು ನೋಡುತ್ತಾರೆ, ಆಮೇಲೆ ಒಂದೊಂದೇ ಮದ್ದು ಶುರುವಾಗುತ್ತದೆ. ಹೋಗುವ ಹೊತ್ತಿಗೆ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೇ ಪ್ರಶಸ್ತಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಇಲ್ಲಿ ಕೊಂಬೆ ಹೇಗೂ ಮುರಿಯುವಂಥದ್ದು. ಕಾಗೆಗಳಂತೂ ಒಂದಾದ ಮೇಲೊಂದು ಕೂರುತ್ತಲೇ ಇರುತ್ತವೆ. ಬೆಳ್ಳುಳ್ಳಿಯವನು ಸುಳ್ಳು ಹೇಳಲಿಲ್ಲ. ಅವನ ತಮ್ಮನಿಗೆ ಬೆಳ್ಳುಳ್ಳಿ ಕಟ್ಟಿದ್ದೂ ನಿಜ, ನರಹುಲಿ ಹೋದದ್ದೂ ನಿಜ. ನಡುವೆ ಇರುವ “ಅದರಿಂದ” ಎಂಬುದಷ್ಟೇ ಅವನ ಸ್ವಂತ ಉತ್ಪಾದನೆ.

ಇನ್ನೂ ಒಂದು ಅನ್ಯಾಯ ಇದರಲ್ಲಿದೆ. ಸುಮ್ಮನಿದ್ದು ನರಹುಲಿ ಕಳೆದುಕೊಂಡವರು ನಮ್ಮೂರಿನಲ್ಲಿ ಸಾವಿರಾರು ಜನ ಇರಬೇಕು. ಅವರಿಗೆ ಹೇಳಲು ಕಥೆಯೇ ಇಲ್ಲ. ಹೋದದ್ದೂ ಅವರಿಗೆ ಗೊತ್ತಾಗಿರುವುದಿಲ್ಲ. ಒಂದು ದಿನ ಕೈ ತೊಳೆಯುವಾಗ, ಅರೆ, ಇಲ್ಲೊಂದು ಇತ್ತಲ್ಲ ಎಂದುಕೊಂಡು ಊಟಕ್ಕೆ ಕೂತಿರುತ್ತಾರೆ. ಇಂಥವನು ಚಹಾದಂಗಡಿಯ ಮುಂದೆ ನಿಂತು “ನಾನು ಏನೂ ಮಾಡಲಿಲ್ಲ” ಎಂದು ಘೋಷಿಸುವುದುಂಟೇ? ಏನಾದರೂ ಮಾಡಿದವನೇ ಮಾತಾಡುವವನು. ಅದಕ್ಕೇ ಇಡೀ ಜಿಲ್ಲೆಯಲ್ಲಿ ತಿರುಗಿದರೂ ನಂಬಬಹುದಾದ ಅತ್ಯಂತ ಸರಳ ಮಾಹಿತಿ ಕಿವಿಗೆ ಬೀಳುವುದಿಲ್ಲ. ಫೋನಿನ ವಿಡಿಯೊಗಳಲ್ಲೂ ಇದೇ ಪಾಡು. ಬಾಳೆಹಣ್ಣಿನ ಸಿಪ್ಪೆ ಕಟ್ಟುವುದನ್ನು ಚಿತ್ರ ಹಿಡಿಯಬಹುದು, ಸುಮ್ಮನಿರುವುದನ್ನು ಹೇಗೆ ಹಿಡಿಯುವುದು?

ಹಾಗಂತ ಮನಸ್ಸಿಗೆ ಇದರಲ್ಲಿ ಕೆಲಸವೇ ಇಲ್ಲ ಎಂದೂ ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಬ್ರೂನೋ ಬ್ಲಾಕ್ ಎಂಬ ಚರ್ಮವೈದ್ಯ ಒಂದು ನರಹುಲಿ ಯಂತ್ರ ಇಟ್ಟುಕೊಂಡಿದ್ದ. ಗಡಗಡ ಸದ್ದು ಮಾಡುವ ಮೋಟಾರು, ಹತ್ತಿ ಆರುವ ದೀಪ. ರೋಗಿ ಅದರಲ್ಲಿ ಕೈಯಿಟ್ಟು ಕೂರಬೇಕು. ಆಮೇಲೆ ನರಹುಲಿಗೆ ಬಣ್ಣ ಬಳಿದು, ಇದು ಸತ್ತಿತು, ಉದುರುವವರೆಗೆ ಮುಟ್ಟಬೇಡಿ ಎಂದು ಕಳಿಸುತ್ತಿದ್ದ. ಯಂತ್ರದಲ್ಲಿ ಸದ್ದಲ್ಲದೆ ಬೇರೇನೂ ಇರಲಿಲ್ಲ. ಎಷ್ಟೋ ಜನಕ್ಕೆ ವಾಸಿಯಾಯಿತೆಂದು 1927ರಲ್ಲಿ ಬರೆದ. ಇದನ್ನು ಓದಿದಾಗ ನಮ್ಮ ಕೈಗಾರಿಕಾ ಪ್ರದೇಶದ ಭವಿಷ್ಯದ ಬಗ್ಗೆ ನನಗೆ ಭಾರೀ ಭರವಸೆ ಬಂತು. ಸದ್ದು ಮಾಡುವ ಯಂತ್ರಗಳಿಗೆ ಅಂತರಸನಹಳ್ಳಿಯಲ್ಲಿ ಬರವೇ? ಆದರೆ ತಾನಾಗಿ ಹೋಗುವ ಕಾಯಿಲೆಯಲ್ಲಿ ಯಂತ್ರದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಹಂಚುವುದು ಬ್ಲಾಕ್‌ನಿಗೂ ಆಗುವಂತಿರಲಿಲ್ಲ. ಯಂತ್ರಕ್ಕೆ ಕೈಯಿಡದವರ ಇನ್ನೊಂದು ಗುಂಪು ಪಕ್ಕದಲ್ಲಿರಬೇಕು. ಅಮೆರಿಕದ ವೈದ್ಯರು 2002ರಲ್ಲಿ ಡಕ್ಟ್ ಟೇಪ್ ಅಂಟಿಸಿದರೆ ಮಕ್ಕಳ ನರಹುಲಿ ಚೆನ್ನಾಗಿ ಹೋಗುತ್ತದೆಂದು ತೋರಿಸಿದಾಗ ಜಗತ್ತೆಲ್ಲ ಟೇಪಿಗೆ ಮುಗಿಬಿತ್ತು. ನಾಲ್ಕೈದು ವರ್ಷದೊಳಗೆ ಬೇರೆಯವರು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಟೇಪಿಗೂ ಸುಮ್ಮನೆ ಏನೋ ಒಂದು ಅಂಟಿಸುವುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ ತುಮಕೂರಿನ ಒಬ್ಬ ಚರ್ಮವೈದ್ಯೆಯ ಹತ್ತಿರ ಹೋದೆ. “ಏನೇನು ಹಚ್ಚಿದ್ದೀರಿ?” ಎಂದರು. ನಾನು ಬೆಳ್ಳುಳ್ಳಿಯಿಂದ ಶುರುಮಾಡಿದೆ. ಸ್ವಲ್ಪ ಹೊತ್ತು ಕೇಳಿ, “ಹಚ್ಚಿದ್ದನ್ನ ಹೇಳಿ, ಕೇಳಿಸಿಕೊಂಡಿದ್ದನ್ನಲ್ಲ” ಎಂದರು. ಹಾಗಾದರೆ ಏನೂ ಇಲ್ಲ ಎಂದೆ. ಅವರ ಮುಖ ಮೊದಲ ಸಲ ಅರಳಿತು.

ಅವರು ಹೇಳಿದ್ದರಲ್ಲಿ ನನಗೆ ಹೊಸದು ಬಹಳ ಇತ್ತು. ನರಹುಲಿಗೆ ಬೇರಿಲ್ಲ. ‘ಬೇರು ಸಮೇತ ಕೀಳಬೇಕು’ ಎಂದು ಬ್ಲೇಡು ಹಿಡಿಯುವವರು ಸುಮ್ಮನೆ ರಕ್ತ ಸುರಿಸಿಕೊಳ್ಳುತ್ತಾರೆ. ಅದು ಚರ್ಮದ ಮೇಲಿನ ಪದರದಲ್ಲೇ ಬೆಳೆಯುವಂಥದ್ದು. ಒಳಗೆ ಕಾಣುವ ಕಪ್ಪು ಚುಕ್ಕೆಗಳು ಬೀಜವಲ್ಲ, ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಕಾರಣ ವೈರಸ್, ಹೆಸರು ಹ್ಯೂಮನ್ ಪ್ಯಾಪಿಲೋಮಾ. ಇನ್ನೂರಕ್ಕಿಂತ ಹೆಚ್ಚು ಬಗೆ ಇದೆ. ಇದು ವೈರಸ್ಸಿನಂಥದ್ದೇ ಎಂದು ಮೊದಲು ತೋರಿಸಿದವನು ಚುಫೋ ಎಂಬ ಇಟಲಿಯ ವೈದ್ಯ, 1907ರಲ್ಲಿ. ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ದಾಟಲಾಗದಷ್ಟು ಸೂಕ್ಷ್ಮವಾಗಿ ಸೋಸಿ, ಆ ರಸವನ್ನು ತನಗೇ ಚುಚ್ಚಿಕೊಂಡು ನರಹುಲಿ ಎಬ್ಬಿಸಿಕೊಂಡ. ಪಾಪ, ಅವನ ಮಾರುಕಟ್ಟೆಯವರು ಅವನಿಗೆ ಎಷ್ಟು ಮದ್ದು ಹೇಳಿರಬೇಡ. ವೈರಸ್ ಒಳಹೊಕ್ಕು ನರಹುಲಿ ಕಾಣಲು ತಿಂಗಳುಗಳೇ ಹಿಡಿಯುವುದರಿಂದ ಯಾರಿಂದ ಬಂತು ಎಂದು ಪತ್ತೆ ಮಾಡಲಾಗದು. ಒದ್ದೆ ನೆಲ, ಹಂಚಿಕೊಂಡ ಟವೆಲ್, ಚರ್ಮದ ಸಣ್ಣ ಗೀರು, ಇಷ್ಟು ಸಾಕು. ಮುಟ್ಟಿದರೆ ನರಹುಲಿ ಏಳುತ್ತದೆಂದು ಜನ ದೂರುವ ಕಪ್ಪೆ ನಿರಪರಾಧಿ. ನಕ್ಷತ್ರಗಳೂ ನಿರಪರಾಧಿಗಳು, ಆದರೆ ಅದನ್ನು ಅಮ್ಮನಿಗೆ ಹೇಳಲು ಹೋಗಲಿಲ್ಲ.

ಪ್ಯಾಪಿಲೋಮಾ ಎಂಬ ಹೆಸರು ಕೇಳಿದೊಡನೆ ಗರ್ಭಕಂಠದ ಕ್ಯಾನ್ಸರ್ ನೆನಪಾಗಿ ನನ್ನ ಹೆಂಡತಿ ಗಾಬರಿಯಾದಳು. ಒಂದೇ ಮನೆತನ, ಆದರೆ ದಾಯಾದಿಗಳು. ಆ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೇ ಬಗೆಗಳು. ಕೈಬೆರಳಿನವು ಬೇರೆ ಬಗೆಯವು, ಬಡಪಾಯಿಗಳು. ಆ ಸಂಬಂಧ ಕಂಡುಹಿಡಿದು 2008ರಲ್ಲಿ ನೊಬೆಲ್ ಪಡೆದ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಕೂಡ ಮೊದಲು ಕೂತಿದ್ದು ಮಾಮೂಲಿ ನರಹುಲಿಗಳ ಮುಂದೆಯೇ.

ಚಿಕಿತ್ಸೆಗೆ ವೈದ್ಯೆ ಮೂರು ದಾರಿ ತೋರಿಸಿದರು. ಕಾಯಬಹುದು. ಇಲ್ಲವೇ ಸ್ಯಾಲಿಸಿಲಿಕ್ ಆಮ್ಲದ ದ್ರಾವಣ ದಿನವೂ ಹಚ್ಚಬಹುದು: ರಾತ್ರಿ ಬಿಸಿನೀರಿನಲ್ಲಿ ಬೆರಳು ನೆನೆಸಿ, ಸತ್ತ ಚರ್ಮ ಉಜ್ಜಿ ತೆಗೆದು, ಅದರ ಮೇಲೆ ಮಾತ್ರ ಒಂದು ತೊಟ್ಟು, ಹನ್ನೆರಡು ವಾರದವರೆಗೆ. ಕಾಕ್ರೇನ್ ಸಂಸ್ಥೆಯವರು 2012ರಲ್ಲಿ ಇದ್ದಬದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹಾಕಿ ಜರಡಿ ಹಿಡಿದಾಗ ಸಾಕ್ಷಿ ಗಟ್ಟಿಯಾಗಿ ನಿಂತದ್ದು ಈ ಆಮ್ಲಕ್ಕೇ. ಅದೂ ಪವಾಡವಲ್ಲ, ಸುಮ್ಮನಿರುವುದಕ್ಕಿಂತ ಒಂದಿಷ್ಟು ಮೇಲು. ಮೂರನೆಯದು ಕರೆಂಟಿನಿಂದ ಸುಡುವುದು ಅಥವಾ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು. ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಇಷ್ಟಾದ ಮೇಲೂ ಮತ್ತೆ ಬರಬಹುದು ಎಂದರು. ಇಷ್ಟು ದಿನಗಳಲ್ಲಿ “ಬರಬಹುದು”, “ಹೋಗಬಹುದು” ಎಂಬ ಪದ ಬಳಸಿದವರು ಅವರೊಬ್ಬರೇ. ಎಲೆ ಅಕ್ಕನ “ಮೂರೇ ದಿವ್ಸ”ದ ಎದುರು ಈ “ಬಹುದು” ಬಹಳ ಬಡವಾಗಿ ಕಾಣುತ್ತದೆ. ನನಗೆ ಮಾತ್ರ ಅದೇ ನಂಬಿಕೆ ಹುಟ್ಟಿಸಿತು. ಮುಖ, ಗುಪ್ತಾಂಗಗಳ ಮೇಲೆ ಆದರೆ ಸ್ವಂತ ಚಿಕಿತ್ಸೆ ಬೇಡ. ಸಕ್ಕರೆ ಕಾಯಿಲೆಯವರು ಪಾದಕ್ಕೆ ಆಮ್ಲ ಮುಟ್ಟಿಸಲೇಬಾರದು. ವಯಸ್ಸಾದವರಿಗೆ ಹೊಸದಾಗಿ ಎದ್ದು ಬಣ್ಣ ಬದಲಾಯಿಸುವುದು, ರಕ್ತ ಒಸರುವುದು ಕಂಡರೆ ಅದನ್ನು ನರಹುಲಿ ಎಂದು ತಾವೇ ತೀರ್ಮಾನಿಸಬಾರದು ಎಂದೂ ಹೇಳಿದರು.

ದ್ರವ ಸಾರಜನಕದ ವಿಷಯವನ್ನು ನಮ್ಮ ಬೀದಿಯಲ್ಲಿ ಹಸು ಕಟ್ಟಿರುವ, ಡೇರಿಗೆ ಹಾಲು ಹಾಕುವ ಯಜಮಾನರಿಗೆ ಹೇಳಿದೆ. ಅವರಿಗೆ ನಗು. “ಅದೇನ್ ಹೊಸ್ದೇ ಸ್ವಾಮಿ? ನಮ್ಮ ಪಶು ಆಸ್ಪತ್ರೇಲಿ ಹೊಗೆಯಾಡೋ ಕ್ಯಾನು ಐತಲ್ಲ, ಅದೇ” ಎಂದರು. ನಿಜ. ಹಸುವಿಗೆ ಕೃತಕ ಗರ್ಭಧಾರಣೆ ಮಾಡುವ ಹೋರಿ ವೀರ್ಯದ ಕಡ್ಡಿಗಳನ್ನು ಇಡುವುದು ಅದೇ ದ್ರವದಲ್ಲಿ. ಅವರೇ ಮುಂದುವರಿಸಿ, “ನಮ್ಮ ಹಸೀಗೂ ಕೆಚ್ಚಲ ಮ್ಯಾಲೆ ಹಿಂಗೇ ಆಗ್ತವೆ. ತಾಯಿ ನರೂಲಿ ಅಂತ ಒಂದಿರ್ತದೆ, ದೊಡ್ಡದು. ಅದನ್ನ ಹಿಡೀರಿ, ಮರಿಗಳು ತಾವೇ ಹೋಗ್ತವೆ” ಎಂದರು.

ಇದನ್ನು ನಾನು ನಕ್ಷತ್ರದ ಪಕ್ಕಕ್ಕೆ ಇಡಲು ಹೊರಟಿದ್ದೆ. ಆದರೆ ಪಶುವೈದ್ಯರು ದನದ ನರಹುಲಿಯ ಚೂರನ್ನು ತೆಗೆದು, ಅರೆದು, ಅದರಿಂದಲೇ ಲಸಿಕೆ ಮಾಡಿ ಅದೇ ದನಕ್ಕೆ ಚುಚ್ಚುವುದುಂಟು. ಮನುಷ್ಯರಲ್ಲೂ ಇಂಥದ್ದನ್ನು ಮಾಡಿ ನೋಡಿದ್ದಾರೆ, ಅದೂ ನಮ್ಮ ಪಕ್ಕದಲ್ಲೇ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಚರ್ಮವೈದ್ಯರು ಮೈತುಂಬ ನರಹುಲಿ ಇದ್ದವರ ಒಂದು ನರಹುಲಿಯ ಚೂರು ತೆಗೆದು ಮುಂದೋಳಿನ ಚರ್ಮದಡಿ ಹುದುಗಿಸಿದರು. ಅವರಲ್ಲಿ ಹೆಚ್ಚಿನವರಿಗೆ ಎಲ್ಲೆಲ್ಲಿದ್ದವೋ ಅಲ್ಲೆಲ್ಲ ಹೋದವೆಂದು 2009ರಲ್ಲಿ ಪ್ರಕಟಿಸಿದರು. ಸಂಗತಿ ಇಷ್ಟೇ: ಈ ವೈರಸ್ ಚರ್ಮದ ಮೇಲಂತಸ್ತಿನಲ್ಲಿ ಬಾಡಿಗೆ ಕೊಡದೆ, ಸದ್ದು ಮಾಡದೆ ಕೂತಿರುತ್ತದೆ. ಕೆಳಗಿನ ಮನೆಯ ಯಜಮಾನನಾದ ರೋಗನಿರೋಧಕ ಶಕ್ತಿಗೆ ಗೊತ್ತೇ ಆಗುವುದಿಲ್ಲ. ಒಂದು ಚೂರನ್ನು ಒಳಗೆ ತಂದು ತೋರಿಸಿದರೆ ಗುರುತು ಹಿಡಿದು ಎಲ್ಲರನ್ನೂ ಖಾಲಿ ಮಾಡಿಸುತ್ತದೆ. ತಾವಾಗಿಯೇ ಹೋಗುವುದೂ ಹೀಗೆ ಯಾವತ್ತೋ ಒಂದು ದಿನ ಗುರುತು ಹತ್ತಿದಾಗಲೇ. ಹಾಗಾದರೆ ‘ತಾಯಿ ನರೂಲಿ’ಯ ಮಾತಿನಲ್ಲಿ ಯಾರೋ ಎಂದೋ ಕಣ್ಣಿಟ್ಟು ನೋಡಿದ್ದು ಏನೋ ಇದೆ. ಮೌಢ್ಯ ಎಂದು ಸಾರಾಸಗಟು ಗುಡಿಸಿಹಾಕುವುದೂ ಒಂದು ಬಗೆಯ “ಮೂರೇ ದಿವ್ಸ”.

ನಾನು ಆಮ್ಲ ಹಚ್ಚಿದೆ. ನೆನಪಾದಾಗ ಹಚ್ಚಿದೆ ಎನ್ನುವುದು ಹೆಚ್ಚು ಸರಿ. ಮಳೆಗಾಲ ಕಳೆಯುವ ಹೊತ್ತಿಗೆ ನರಹುಲಿ ಇರಲಿಲ್ಲ. ತಕ್ಷಣ ಹಕ್ಕುದಾರರು ಸಾಲುಗಟ್ಟಿದರು. ಮೆಡಿಕಲ್ ಶಾಪಿನವನು ತಾನು ಕೊಟ್ಟ ಶೀಷೆ ಎಂದ. ಎಲೆ ಅಕ್ಕ, “ಸುಣ್ಣ ಇಟ್ರೆ ಹೋಗ್ದೆ ಇರ್ತದಾ?” ಎಂದಳು, ಇಟ್ಟಿರಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಮಿಯೋಪತಿಯ ಥೂಜಾ ಗುಳಿಗೆ ತೆಗೆದುಕೊಳ್ಳಲು ಹೇಳಿದ್ದ ಸಹೋದ್ಯೋಗಿ, ತೆಗೆದುಕೊಂಡೆನೋ ಇಲ್ಲವೋ ಎಂದು ಕೇಳದೆಯೇ ಅಭಿನಂದಿಸಿದ. ಅಮ್ಮ ಉಪ್ಪು ಮೆಣಸಿನ ಪೊಟ್ಟಣ ಕಟ್ಟಿ ಊರಿಗೆ ಹೊರಡಿಸಿದಳು. ಹೋದೆವು, ಒಪ್ಪಿಸಿದೆವು. ವೈದ್ಯೆ ಮಾತ್ರ ಯಾವ ಹಕ್ಕನ್ನೂ ಸ್ಥಾಪಿಸಲಿಲ್ಲ. “ಹೋಯ್ತಾ? ಒಳ್ಳೇದು” ಎಂದರು ಅಷ್ಟೆ.

ಇದೆಲ್ಲ ಮುಗಿದ ಮೇಲೆ ಭಾವಮೈದುನ ಕುದುರೆಯ ಕೂದಲು ತಂದ. ಪೇಪರಿನಲ್ಲಿ ಸುತ್ತಿದ್ದ, ಮಿರಿಮಿರಿ ಹೊಳೆಯುವ, ಒಳ್ಳೆಯ ಮನೆತನದ ಕೂದಲು. ಎಸೆಯಲು ಯಾರಿಗೂ ಮನಸ್ಸಾಗದೆ ಬೀರು ಸೇರಿತು. ಮೊನ್ನೆ ಪಕ್ಕದ ಮನೆಯಾಕೆ ಮಗನನ್ನು ಕರೆದುಕೊಂಡು ಬಂದಳು. ಮೊಣಕಾಲಿನ ಮೇಲೆ ಎರಡು ಎದ್ದಿದ್ದವು. ನಾನು ಹುಡುಗನನ್ನು ಕೂರಿಸಿಕೊಂಡು ವೈರಸ್ಸಿನಿಂದ ಹಿಡಿದು ಆಮ್ಲದವರೆಗೆ ಎಲ್ಲವನ್ನೂ ಹೇಳಿದೆ. ಮಕ್ಕಳಲ್ಲಿ ಮೂರಕ್ಕೆ ಎರಡು ತಾವಾಗಿಯೇ ಹೋಗುತ್ತವೆ, ಕೆರೆಯದಂತೆ ನೋಡಿಕೊಂಡರೆ ಸಾಕು ಎಂದೆ. ಆಕೆ ಬಹಳ ಗಮನವಿಟ್ಟು ಕೇಳಿಸಿಕೊಂಡಳು. “ಹೌದಾ ಅಣ್ಣ, ಇಷ್ಟೆಲ್ಲ ಐತಾ” ಎಂದಳು. ಆಮೇಲೆ ದನಿ ತಗ್ಗಿಸಿ, “ಆ ಕುದ್ರೆ ಕೂದ್ಲು ಇನ್ನೂ ಮಡಗಿದೀರಂತಲ್ಲ?” ಎಂದಳು.

ಇವಕ್ಕೆ ಕುತ್ತಿಗೆ ಇಲ್ಲಮ್ಮ, ಗಂಟು ನಿಲ್ಲುವುದಿಲ್ಲ ಎಂದು ನಾನು ಹೇಳುತ್ತಿರುವಾಗಲೇ ನನ್ನ ಹೆಂಡತಿ ಬೀರುವಿನ ಬಾಗಿಲು ತೆಗೆದಾಗಿತ್ತು. ಒಳಗಿನಿಂದ ಅಮ್ಮನ ದನಿ ಬಂತು: “ಎಲ್ಲಾ ಕೊಟ್ಬಿಡ್ಬ್ಯಾಡ ಕಣಮ್ಮಾ, ನಮ್ಗೂ ಎರಡೆಳೆ ಮಡೀಕೊ.”